ರಾತ್ರಿ ಹನ್ನೊಂದಕ್ಕೆ ಬರುವ ಓಮ್ನಿ: ಕೊಡಗಿನಲ್ಲಿ ಕುಡಿತ ಬಿಡಿಸುವ ಸೆಂಟರ್ ಹುಡುಕುತ್ತಿರುವವರ ಗಮನಕ್ಕೆ

ಮೊಬೈಲ್‌ನಲ್ಲಿ ‘ಮಡಿಕೇರಿ ಡಿ-ಅಡಿಕ್ಷನ್ ಸೆಂಟರ್’ ಎಂದು ಹುಡುಕಿದರೆ ಎಲ್ಲಕ್ಕಿಂತ ಮೇಲೆ ಒಂದು ನಂಬರ್ ಬರುತ್ತದೆ. ಪಕ್ಕದಲ್ಲಿ ಮಡಿಕೇರಿ ಎಂದೇ ಬರೆದಿರುತ್ತದೆ, ಐದಕ್ಕೆ ಐದು ಸ್ಟಾರ್ ಇರುತ್ತದೆ. ಸೋಮವಾರಪೇಟೆ ಕಡೆಯ ಒಂದು ಮನೆಯವರು ಇಂಥ ನಂಬರಿಗೆ ಫೋನ್ ಮಾಡಿ ಪಟ್ಟ ಪಾಡು ಇದು.

ಯಜಮಾನನಿಗೆ 46 ವರ್ಷ, ನಾಲ್ಕು ಎಕರೆ ಕಾಫಿ ತೋಟ. ಬೆಳಿಗ್ಗೆ ಎದ್ದ ಕೂಡಲೇ ಒಂದು ನೈಂಟಿ ಬೀಳದಿದ್ದರೆ ಲೋಟ ಹಿಡಿಯಲು ಕೈ ನಿಲ್ಲುತ್ತಿರಲಿಲ್ಲ. ಇದನ್ನು ಹೆಂಡತಿ ಫೋನಿನಲ್ಲೇ ಹೇಳಿದ್ದರು. ಕೇಳಿಸಿಕೊಂಡವರು ಡಾಕ್ಟರ್ ಆಗಿದ್ದರೆ ಅಲ್ಲಿಗೇ ತಡೆದು ‘ಮೊದಲು ಆಸ್ಪತ್ರೆಗೆ ಸೇರಿಸಿ’ ಎನ್ನುತ್ತಿದ್ದರು. ಆ ಕಡೆ ಇದ್ದವನು ಕೇಳಿದ್ದು ಎರಡೇ: ತೋಟ ಎಷ್ಟಿದೆ, ಮನೆ ಬಾಗಿಲ ತನಕ ಗಾಡಿ ಬರುತ್ತದಾ. ಆತ ಮಡಿಕೇರಿಯವನಲ್ಲ, ಸೆಂಟರಿನವನೂ ಅಲ್ಲ. ಆಳು ಕಳಿಸಿದರೆ ಕಮಿಷನ್ ಪಡೆಯುವ ಏಜೆಂಟ್.

ರಾತ್ರಿ ಹನ್ನೊಂದಕ್ಕೆ ಓಮ್ನಿಯಲ್ಲಿ ನಾಲ್ವರು ಬಂದರು. ಮಲಗಿದ್ದವರನ್ನು ಎಬ್ಬಿಸಿ, ರಟ್ಟೆ ಹಿಡಿದು ಗಾಡಿಗೆ ಹಾಕಿದರು. ಅಂಗಳದಲ್ಲೇ ನಿಂತು ಹಣ ಹಾಕಿಸಿಕೊಂಡರು: ಪಿಕಪ್‌ಗೆ 12,000, ತಿಂಗಳಿಗೆ 18,000ದಂತೆ ಮೂರು ತಿಂಗಳ ಅಡ್ವಾನ್ಸ್ 54,000, ‘ಮೆಡಿಸಿನ್ ಕಿಟ್’ ಎಂದು 6,000. ಒಟ್ಟು 72,000. ಹಣ ಹೋದದ್ದು ಸಂಸ್ಥೆಯ ಖಾತೆಗಲ್ಲ, ಯಾವುದೋ ವ್ಯಕ್ತಿಯ ಹೆಸರಿನ ಯುಪಿಐಗೆ. ಕೊಟ್ಟ ರಶೀದಿಯಲ್ಲಿ ‘ಚಿಕಿತ್ಸಾ ಶುಲ್ಕ’ ಎಂದು ಎಲ್ಲೂ ಇಲ್ಲ, ‘ದೇಣಿಗೆ’ ಎಂದಿತ್ತು. ಮೊದಲ 21 ದಿನ ಫೋನೂ ಇಲ್ಲ, ಭೇಟಿಯೂ ಇಲ್ಲ ಎಂದು ಹೇಳಿ ಹೊರಟರು.

ಎರಡನೇ ರಾತ್ರಿ ಆ ಮನುಷ್ಯನಿಗೆ ಫಿಟ್ಸ್ ಬಂತು. ಮೂರನೇ ದಿನ ಗೋಡೆಯ ಮೇಲೆ ಇರುವೆ ಸಾಲು ಕಾಣಿಸತೊಡಗಿತು, ಎದುರಿಗಿಲ್ಲದ ತೋಟದ ಆಳುಗಳ ಜೊತೆ ಮಾತಾಡತೊಡಗಿದರು. ಸೆಂಟರಿನವರು ‘ನಾಟಕ’ ಎಂದು ಮಂಚಕ್ಕೆ ಕಟ್ಟಿದರು. ಮೈ ಕೆಂಡವಾದ ಮೇಲೆ ಖಾಸಗಿ ಆಸ್ಪತ್ರೆಯ ಐಸಿಯುಗೆ ಹಾಕಿ, ಆಗ ಮನೆಗೆ ಫೋನ್ ಮಾಡಿದರು. ಬಿಲ್ ಮನೆಯವರದೇ. ಜೀವ ಉಳಿಯಿತು. ಅಡ್ವಾನ್ಸ್ ಕೇಳಿದರೆ ಸಿಕ್ಕ ಉತ್ತರ: ‘ದೇಣಿಗೆ ವಾಪಸ್ ಕೊಡೋದಿಲ್ಲ.’

ಇಲ್ಲಿ ತಪ್ಪಿದ್ದು ಎಲ್ಲಿ? ಸೆಂಟರ್ ಕೆಟ್ಟದ್ದು ಎನ್ನುವುದು ಅರ್ಧ ಉತ್ತರ. ಕುಡಿತ ಬಿಡಿಸುವುದರಲ್ಲಿ ಎರಡು ಬೇರೆ ಬೇರೆ ಕೆಲಸ ಇದೆ. ಮೊದಲ ಐದರಿಂದ ಹತ್ತು ದಿನ ದೇಹದಿಂದ ಮದ್ಯ ಇಳಿಸುವುದು. ಅದು ಆಸ್ಪತ್ರೆಯ ಕೆಲಸ. ಆಮೇಲೆ ತಿಂಗಳುಗಟ್ಟಲೆ ಕೌನ್ಸೆಲಿಂಗ್, ಮಾತ್ರೆ, ಅಭ್ಯಾಸ ಬದಲಿಸುವುದು. ಸೆಂಟರ್ ಬೇಕಾದರೆ ಅದಕ್ಕೆ. ಎರಡನ್ನೂ ಒಂದೇ ಪ್ಯಾಕೇಜ್ ಎಂದು ಮಾರುವವರು ಮೊದಲನೆಯದನ್ನು ಮಾಡುವುದೇ ಇಲ್ಲ, ಯಾಕೆಂದರೆ ಅದಕ್ಕೆ ಡಾಕ್ಟರ್ ಮತ್ತು ನರ್ಸ್ ಬೇಕು, ಖರ್ಚು ಇರುವುದು ಅಲ್ಲೇ.

ದಿನವೂ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೊನೆಯ ಪೆಗ್ ಆಗಿ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ವಾಂತಿ, ನಿದ್ದೆಗೇಡು ಶುರು. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ 48 ಗಂಟೆಯೊಳಗೆ. ಮೂರನೇ ದಿನದ ಹೊತ್ತಿಗೆ ಕೆಲವರಿಗೆ ಭ್ರಮೆ, ಜ್ವರ, ಎದೆಬಡಿತ ಏರುತ್ತದೆ. ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಸಾಯಲೂಬಹುದು. ಬೆಳಿಗ್ಗೆ ಎದ್ದೊಡನೆ ಕುಡಿಯಲೇಬೇಕಾದವರು, ಹಿಂದೊಮ್ಮೆ ಬಿಟ್ಟಾಗ ಫಿಟ್ಸ್ ಬಂದವರು, ಲಿವರ್ ಕೆಟ್ಟವರು, ಇವರ ಕುಡಿತವನ್ನು ಯಾವ ಕಾರಣಕ್ಕೂ ಡಾಕ್ಟರಿಲ್ಲದ ಜಾಗದಲ್ಲಿ ನಿಲ್ಲಿಸಬಾರದು.

ಆಸ್ಪತ್ರೆಯಲ್ಲಿ ಮಾಡುವುದು ದೊಡ್ಡ ಗುಟ್ಟೇನಲ್ಲ. ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಡಯಾಜೆಪಾಮ್ ಕೊಟ್ಟು ದಿನದಿನಕ್ಕೆ ಡೋಸ್ ಇಳಿಸುತ್ತಾ ಬರುತ್ತಾರೆ. ಲಿವರ್ ತೊಂದರೆ ಇದ್ದರೆ ಲೋರಾಜೆಪಾಮ್. ಜೊತೆಗೆ ಥಯಮಿನ್, ಅಂದರೆ ಬಿ1 ವಿಟಮಿನ್, ಇಂಜೆಕ್ಷನ್ ಮೂಲಕ. ಇದನ್ನು ಗ್ಲೂಕೋಸ್ ಡ್ರಿಪ್‌ಗೆ ಮೊದಲು ಕೊಡುತ್ತಾರೆ. ಬಿ1 ಬರಿದಾದ ದೇಹಕ್ಕೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು ಬೀಳಬಹುದು, ಹಾಗೆ ಹೋದ ನೆನಪು ಕೆಲವರಿಗೆ ಮರಳುವುದೇ ಇಲ್ಲ. ‘ಸುಸ್ತಾಗಿದೆ, ಎರಡು ಬಾಟ್ಲಿ ಗ್ಲೂಕೋಸ್ ಹಾಕಿಸಿ’ ಎಂದು ಕ್ಲಿನಿಕ್ಕಿಗೆ ಕರೆದೊಯ್ಯುವ ನಮ್ಮ ಅಭ್ಯಾಸದ ಬಗ್ಗೆ ಸ್ವಲ್ಪ ಯೋಚಿಸಿ. ಕುಡಿತದ ವಿಷಯವನ್ನು ಅಲ್ಲಿ ಮುಚ್ಚಿಡಲೇಬೇಡಿ.

ಗಾಂಜಾ ಬಿಡುವಾಗ ಈ ಥರದ ಜೀವಾಪಾಯ ಇಲ್ಲ. ನಿದ್ದೆ ಹೋಗುತ್ತದೆ, ಸಿಟ್ಟು ಬರುತ್ತದೆ. ಗಾಂಜಾ ಸೇದುವ ಹುಡುಗನನ್ನು ‘ಡಿಟಾಕ್ಸ್’ ಹೆಸರಲ್ಲಿ ಮೂರು ತಿಂಗಳು ಕೂಡಿಹಾಕಿ ಲಕ್ಷ ಕೇಳುವವರು ಯಾವ ಔಷಧಿಗೆ ಅಷ್ಟು ಎಂದು ಹೇಳಲಿ. ಹೆರಾಯಿನ್, ನೋವಿನ ಮಾತ್ರೆ, ಇಂಜೆಕ್ಷನ್ ಚಟ ಬೇರೆ ಥರದ್ದು. ಅದಕ್ಕೆ ಬ್ಯುಪ್ರೆನಾರ್ಫಿನ್ ಎಂಬ ಔಷಧಿ ಇದೆ, ಮನೋವೈದ್ಯರ ಮೂಲಕವೇ ಆಗಬೇಕು. ಇನ್ನೊಂದು ಮಾತು: ಕೆಲವು ವಾರ ಬಿಟ್ಟಿದ್ದವರು ಹೊರಬಂದು ಹಳೆಯ ಡೋಸನ್ನೇ ತೆಗೆದುಕೊಂಡರೆ ದೇಹ ತಡೆಯುವುದಿಲ್ಲ, ಉಸಿರು ನಿಲ್ಲಬಹುದು. ಸೆಂಟರಿನಿಂದ ಬಂದ ಮೊದಲ ದಿನಗಳು ಅದಕ್ಕೇ ಅಪಾಯದವು.

ಈಗ ಆ ಓಮ್ನಿಯ ವಿಷಯ. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2017ರ ವ್ಯಾಖ್ಯಾನದಲ್ಲಿ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ಸ್ಥಿತಿಯೂ ಸೇರಿದೆ. ಹಾಗಾಗಿ ಇಂಥವರನ್ನು ಒಳರೋಗಿಯಾಗಿ ಇಟ್ಟುಕೊಳ್ಳುವ ಜಾಗ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿರಬೇಕು. ಒಪ್ಪಿಗೆ ಇಲ್ಲದವರನ್ನು ಸೇರಿಸಿಕೊಳ್ಳುವುದಾದರೆ 89ನೇ ಸೆಕ್ಷನ್ ಪ್ರಕಾರ ನಾಮನಿರ್ದೇಶಿತ ಪ್ರತಿನಿಧಿಯ, ಅಂದರೆ ಕಾಯ್ದೆ ಪ್ರಕಾರ ರೋಗಿಯ ಪರವಾಗಿ ನಿರ್ಧರಿಸುವವರ, ಅರ್ಜಿ ಬೇಕು; ಇಬ್ಬರು ವೈದ್ಯರು ಅಥವಾ ಮಾನಸಿಕ ಆರೋಗ್ಯ ವೃತ್ತಿಪರರು ಬೇರೆ ಬೇರೆಯಾಗಿ, ಅದರಲ್ಲಿ ಒಬ್ಬರು ಮನೋವೈದ್ಯರು, ಅದೇ ದಿನ ಅಥವಾ ಹಿಂದಿನ ಏಳು ದಿನದೊಳಗೆ ಪರೀಕ್ಷೆ ಮಾಡಿರಬೇಕು; ಅವಧಿ ಹೆಚ್ಚೆಂದರೆ 30 ದಿನ. ಸರಪಳಿ ಹಾಕುವುದಕ್ಕೆ ಕಾಯ್ದೆಯಲ್ಲಿ ಜಾಗವೇ ಇಲ್ಲ. ಮನೆಯವರ ಜೊತೆ ಫೋನಿನಲ್ಲಿ ಮಾತಾಡುವುದು ರೋಗಿಯ ಹಕ್ಕು. ಯಾವ ಮನೋವೈದ್ಯರೂ ಮುಖ ನೋಡದ ಮನುಷ್ಯನನ್ನು ನಡುರಾತ್ರಿ ಅಂಗಳದಿಂದ ಎತ್ತಿಕೊಂಡು ಹೋಗುವುದಕ್ಕೆ ‘ಪಿಕಪ್ ಸರ್ವಿಸ್’ ಎಂದು ಹೆಸರಿಟ್ಟರೂ ಅದು ಅಪಹರಣಕ್ಕೆ ಬಹಳ ಹತ್ತಿರ.

ಫೋನ್ ಮಾಡಿದಾಗ ಇಷ್ಟು ಕೇಳಿ. ನಿಮ್ಮ ಮನೋವೈದ್ಯರು ಯಾರು, ವಾರದಲ್ಲಿ ಯಾವ ದಿನ ಇರುತ್ತಾರೆ? ರಾತ್ರಿ ನರ್ಸ್ ಇರುತ್ತಾರಾ? ಫಿಟ್ಸ್ ಬಂದರೆ ಯಾವ ಆಸ್ಪತ್ರೆಗೆ ಕರೆದೊಯ್ಯುತ್ತೀರಿ, ಎಷ್ಟು ದೂರ? ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರದ ಫೋಟೋ ಕಳಿಸಿ. ಕೊನೆಯದಕ್ಕೆ ಹೆಚ್ಚಿನವರು ಟ್ರಸ್ಟ್ ನೋಂದಣಿ, ಉದ್ಯಮ್ ಪತ್ರ ಅಥವಾ ಜಿಎಸ್‌ಟಿ ನಂಬರ್ ಕಳಿಸುತ್ತಾರೆ, ಮೇಲೆ ಅಶೋಕ ಸ್ತಂಭ ಇರುತ್ತದೆ, ನೋಡಿದವರು ನಂಬಿಬಿಡುತ್ತಾರೆ. ಟ್ರಸ್ಟ್ ಪತ್ರ ಎಂದರೆ ಟ್ರಸ್ಟ್ ಇದೆ ಎಂದಷ್ಟೇ ಅರ್ಥ, ಚಿಕಿತ್ಸೆಗೆ ಪರವಾನಗಿ ಎಂದಲ್ಲ. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳಿಗೆ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ರಾಜ್ಯ ಕಾಯ್ದೆ) ನೋಂದಣಿಯೂ ಬೇಕು. ಸೆಂಟರ್ ಇರುವ ಜಿಲ್ಲೆಯ ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಕಚೇರಿಗೆ ಒಂದು ಫೋನ್ ಮಾಡಿದರೆ ಅಲ್ಲಿಯ ಪಟ್ಟಿಯಲ್ಲಿ ಹೆಸರು ಇದೆಯೋ ಇಲ್ಲವೋ ಹೇಳುತ್ತಾರೆ.

ಆಮೇಲೆ ಹೋಗಿ ನೋಡಿ. ಸುಮ್ಮನೆ ಆಫೀಸ್ ರೂಮಿನಲ್ಲಿ ಕಾಫಿ ಕುಡಿದು ಬರಬೇಡಿ. ಮಲಗುವ ಕೋಣೆಯ ಬಾಗಿಲಿಗೆ ಚಿಲಕ ಯಾವ ಕಡೆ ಇದೆ ನೋಡಿ, ಔಷಧಿ ಕೊಟ್ಟ ರಿಜಿಸ್ಟರ್ ತೋರಿಸಿ ಎನ್ನಿ. ರಿಜಿಸ್ಟರ್‌ನಲ್ಲಿ ಎಲ್ಲರಿಗೂ ಒಂದೇ ಮಾತ್ರೆ, ಒಂದೇ ಹೊತ್ತು, ಒಂದೇ ಪೆನ್ನಿನ ಶಾಯಿ ಇದ್ದರೆ ಅದನ್ನು ನಿಮಗೆ ತೋರಿಸಲೆಂದೇ ಬರೆದದ್ದು.

ಹಣದ ಮಾತು. ಕಾಫಿ ಕೊಯ್ಲಾಗಿ ಹಣ ಕೈಗೆ ಬರುವ ಜನವರಿಯಿಂದ ಮಾರ್ಚ್‌ನಲ್ಲಿ ‘ಮೂರು ತಿಂಗಳು ಒಟ್ಟಿಗೆ ಕಟ್ಟಿದರೆ ಡಿಸ್ಕೌಂಟ್’ ಎಂಬ ಮಾತು ಬಂದರೆ ಎದ್ದು ಬನ್ನಿ. ವಾರಕ್ಕೆ ಅಥವಾ ಹೆಚ್ಚೆಂದರೆ ತಿಂಗಳಿಗೆ ಕಟ್ಟಿ. ಸಂಸ್ಥೆಯ ಹೆಸರಿನ ಬ್ಯಾಂಕ್ ಖಾತೆಗೇ ಹಾಕಿ, ‘ಚಿಕಿತ್ಸಾ ಶುಲ್ಕ’ ಎಂದು ಬರೆದ ನಂಬರ್ ಇರುವ ಬಿಲ್ ತೆಗೆದುಕೊಳ್ಳಿ. ಮಧ್ಯದಲ್ಲಿ ಬಿಡಿಸಿಕೊಂಡು ಹೋದರೆ ಎಷ್ಟು ವಾಪಸ್, ಹೊರಗಿನ ಆಸ್ಪತ್ರೆಯ ಬಿಲ್ ಯಾರದು ಎಂಬ ಎರಡು ಸಾಲು ಬರಹದಲ್ಲಿ ಇಲ್ಲದಿದ್ದರೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಇನ್ಶೂರೆನ್ಸ್ ಇದೆ ಎಂದು ನೆಮ್ಮದಿಯಾಗಿರಬೇಡಿ. ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕೆಂದು ಅದೇ 2017ರ ಕಾಯ್ದೆ ಹೇಳುತ್ತದೆ, ನಿಜ. ಆದರೆ ಹೆಚ್ಚಿನ ಪಾಲಿಸಿಗಳಲ್ಲಿ ‘ಎಕ್ಸ್‌ಕ್ಲೂಷನ್ 12’ ಎಂಬ ಸಾಲು ಇರುತ್ತದೆ: ಮದ್ಯ, ಮಾದಕ ವಸ್ತು, ಯಾವುದೇ ಚಟದ ಚಿಕಿತ್ಸೆ ಮತ್ತು ಅದರ ಪರಿಣಾಮಗಳಿಗೆ ಹಣ ಇಲ್ಲ. ‘ಪರಿಣಾಮ’ ಎಂಬ ಪದದಡಿ ಲಿವರ್ ಕಾಯಿಲೆಯ ಕ್ಲೇಮೂ ತಿರಸ್ಕಾರವಾಗಬಹುದು. ‘ಗ್ಯಾಸ್ಟ್ರಿಕ್ ಎಂದು ಬರೆದು ಕ್ಲೇಮ್ ಮಾಡಿಸಿಕೊಡುತ್ತೇವೆ’ ಎನ್ನುವವರ ಮಾತು ಕೇಳಿದರೆ ಸುಳ್ಳು ಕ್ಲೇಮ್ ನಿಮ್ಮ ಹೆಸರಿನಲ್ಲಿ ಉಳಿಯುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ 30ರಂತೆ 1.5 ಲಕ್ಷದವರೆಗೆ ಇದೆ. ಆದರೆ ಯೋಜನೆಯಲ್ಲಿ ನೋಂದಾಯಿತ ಆಸ್ಪತ್ರೆಯಲ್ಲಿ ಮಾತ್ರ. ಅಡ್ಮಿಟ್ ಆಗುವ ಮೊದಲೇ ಅಲ್ಲಿಯ ಆರೋಗ್ಯಮಿತ್ರರ (ಯೋಜನೆಯ ಸಹಾಯಕ ಸಿಬ್ಬಂದಿ) ಹತ್ತಿರ ಕೇಳಿ. ಮಾಜಿ ಸೈನಿಕರ ಮನೆಗಳು ನಮ್ಮ ಜಿಲ್ಲೆಯಲ್ಲಿ ಎಷ್ಟಿವೆ ಎಂದು ಹೇಳಬೇಕಾಗಿಲ್ಲ. ಅವರು ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಕಾರ್ಡ್ ಹಿಡಿದು ಪಾಲಿಕ್ಲಿನಿಕ್‌ನಿಂದ ರೆಫರೆನ್ಸ್ ಪಡೆದು ಹೋಗಬಹುದು. ಕ್ಯಾಂಟೀನ್ ರಮ್ಮಿಗೆ ತೋರಿಸುವ ಕಾರ್ಡು ನೆನಪಿರುತ್ತದೆ, ಇದು ಮರೆತುಹೋಗುತ್ತದೆ.

ಹಾಗಾದರೆ ಮೊದಲು ಎಲ್ಲಿಗೆ ಹೋಗಬೇಕು? ಮಡಿಕೇರಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬೋಧಕ ಆಸ್ಪತ್ರೆಗೆ, ನಮ್ಮ ಬಾಯಲ್ಲಿ ಜಿಲ್ಲಾಸ್ಪತ್ರೆಗೆ. ಬೆಳಿಗ್ಗೆಯೇ ಹೋಗಿ, ಚೀಟಿ ಮಾಡಿಸಿ, ಮನೋವೈದ್ಯ ವಿಭಾಗಕ್ಕೆ. ಆಧಾರ್, ರೇಷನ್ ಕಾರ್ಡ್, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹಾಳೆ ಜೊತೆಗಿರಲಿ. ದಿನಕ್ಕೆ ಎಷ್ಟು, ಯಾವ ಹೊತ್ತಿಗೆ ಮೊದಲ ಪೆಗ್, ಕೊನೆಯದು ಯಾವಾಗ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಡಾಕ್ಟರ ಮುಂದೆ ಎಲ್ಲರೂ ಅರ್ಧಕ್ಕೆ ಇಳಿಸಿ ಹೇಳುತ್ತಾರೆ, ಔಷಧಿಯ ಡೋಸೂ ಅರ್ಧವಾಗುತ್ತದೆ. ಜೊತೆಗೆ ಉಳಿಯಲು ಒಬ್ಬರು ಬೇಕು, ಮನೆಯಿಂದ ಹೊರಡುವಾಗಲೇ ಅದನ್ನು ತೀರ್ಮಾನಿಸಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಆ ವಾರ ಬರುತ್ತಾರಾ ಎಂದು ಫೋನ್ ಮಾಡಿಯೇ ಹೊರಡಿ.

ಹೊರಡುವ ಮೊದಲು ಯಾರನ್ನಾದರೂ ಕೇಳಬೇಕೆಂದರೆ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416, ಮತ್ತು ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಎರಡಕ್ಕೂ ದುಡ್ಡಿಲ್ಲ. ಫಿಟ್ಸ್ ಬಂದರೆ ಇವೆರಡೂ ಅಲ್ಲ, 108.

ದೊಡ್ಡ ಆಸ್ಪತ್ರೆ ಬೇಕಾದರೆ ಮೈಸೂರು ಸುಮಾರು 120 ಕಿಲೋಮೀಟರ್, ಕೆ.ಆರ್. ಆಸ್ಪತ್ರೆ ಸರ್ಕಾರಿ. ಮಂಗಳೂರಿನಲ್ಲಿ ವೆನ್ಲಾಕ್ ಇದೆ, ಆದರೆ ಮಳೆಗಾಲದಲ್ಲಿ ಸಂಪಾಜೆ ಘಾಟಿಯನ್ನು ನಂಬಿ ನಡುಗುವ ರೋಗಿಯನ್ನು ಕೂರಿಸಿಕೊಂಡು ಹೊರಡಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವೇ ಇದೆ. ಊರಿನ ಸಭಾಭವನಗಳಲ್ಲಿ ನಡೆಯುವ ಎಂಟು ದಿನದ ಮದ್ಯವರ್ಜನ ಶಿಬಿರಗಳು ಖರ್ಚಿನಲ್ಲಿ ಹಗುರ, ಅಲ್ಲಿ ಸಿಗುವ ಜೊತೆಗಾರರೂ ಮುಖ್ಯ. ಆದರೆ ಬೆಳಗಿನ ನಡುಕ ಇರುವವರು ಮೊದಲು ಆಸ್ಪತ್ರೆ ಮುಗಿಸಿ ಆಮೇಲೆ ಶಿಬಿರಕ್ಕೆ. ಮಾದಕ ವಸ್ತು ಸೇವಿಸುವ ಮಗನನ್ನು ಕರೆದೊಯ್ದರೆ ಪೊಲೀಸ್ ಕೇಸಾಗುತ್ತದೆ ಎಂದು ಹೆದರುವವರಿದ್ದಾರೆ. ಮಾದಕ ವಸ್ತುಗಳ ಕಾನೂನಾದ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ತಾನಾಗಿ ಚಿಕಿತ್ಸೆಗೆ ಬಂದು ಅದನ್ನು ಪೂರ್ತಿ ಮಾಡುವವರಿಗೆ ರಕ್ಷಣೆ ಕೊಡುತ್ತದೆ.

ಇನ್ನು ಕುಡಿತ ಬಿಡಿಸುತ್ತದೆ ಎಂದು ಮಾರುವ ಪುಡಿ. ‘ಅವರಿಗೆ ಗೊತ್ತಾಗದಂತೆ ಸಾರಿಗೆ ಹಾಕಿ’ ಎಂದು ಕೊರಿಯರ್‌ನಲ್ಲಿ ಬರುವ ಪೊಟ್ಟಣದಲ್ಲಿ ಏನಿದೆ ಎಂದು ಕೊಟ್ಟವನಿಗೂ ಗೊತ್ತಿರುವುದಿಲ್ಲ. ಡೈಸಲ್ಫಿರಾಮ್ ಇದ್ದರೆ ಅದರ ಮೇಲೆ ಕುಡಿದಾಗ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿದು ಸಾವೂ ಆಗಬಹುದು. ಡಾಕ್ಟರ್ ಕೊಟ್ಟರೂ ರೋಗಿಗೆ ತಿಳಿಸಿಯೇ ಕೊಡಬೇಕಾದ ಮಾತ್ರೆ ಅದು. ನಿಲ್ಲಿಸಿದ ಮೇಲೂ 14 ದಿನದವರೆಗೆ ಅದರ ಗುಣ ಉಳಿಯಬಹುದು. ಮದುವೆಮನೆಯ ಹೋಮ್‌ಮೇಡ್ ವೈನೂ ಮದ್ಯವೇ, ‘ದ್ರಾಕ್ಷಿ ರಸ ಅಷ್ಟೇ’ ಎಂಬ ಸಬೂಬು ಲಿವರಿಗೆ ಗೊತ್ತಿಲ್ಲ.

ಈಗಾಗಲೇ ಯಾರಾದರೂ ಇಂಥ ಕಡೆ ಸಿಕ್ಕಿಕೊಂಡಿದ್ದರೆ: ನೋಡಲು ಬಿಡುತ್ತಿಲ್ಲ ಎಂದಾದರೆ 112ಕ್ಕೆ ಫೋನ್ ಮಾಡಿ, ಸೆಂಟರ್ ಇರುವ ಜಿಲ್ಲೆಯ ಡಿಎಚ್‌ಒ ಮತ್ತು ಜಿಲ್ಲಾಧಿಕಾರಿಗೆ ಬರಹದಲ್ಲಿ ದೂರು ಕೊಡಿ, ಅದೇ 2017ರ ಕಾಯ್ದೆಯಡಿಯ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೂ ಪ್ರತಿ ಹೋಗಲಿ. ಉಚಿತ ಕಾನೂನು ನೆರವಿಗೆ 15100. ಹಣ ವಾಪಸಿಗೆ ಗ್ರಾಹಕ ಆಯೋಗ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಯುಪಿಐ ಸ್ಕ್ರೀನ್‌ಶಾಟ್, ವಾಟ್ಸಾಪ್ ಮಾತು, ಆ ‘ದೇಣಿಗೆ’ ರಶೀದಿ. ಸಿಟ್ಟಿನಲ್ಲಿ ಚಾಟ್ ಡಿಲೀಟ್ ಮಾಡಬೇಡಿ, ನಂಬರ್ ಬ್ಲಾಕ್ ಮಾಡುವ ಮೊದಲು ಎಲ್ಲದರ ಫೋಟೋ ಇಟ್ಟುಕೊಳ್ಳಿ.

ಬಿಡಿಸಿಕೊಂಡು ಬರುವಾಗ ಡಿಸ್ಚಾರ್ಜ್ ಸಮ್ಮರಿ ಮತ್ತು ಕೊಟ್ಟ ಔಷಧಿಗಳ ಪಟ್ಟಿ ಕೇಳಿ. ದಾಖಲೆ ಪಡೆಯುವುದು ರೋಗಿಯ ಹಕ್ಕು. ಅದರಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಡಯಾಜೆಪಾಮ್ ಇದ್ದರೆ ‘ಆ ಸೆಂಟರಿನ ಮಾತ್ರೆ ಬೇಡ’ ಎಂದು ಹೊಳೆಗೆ ಎಸೆಯಬೇಡಿ. ಅದನ್ನೂ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಉಳಿದ ಮಾತ್ರೆಯ ಶೀಟ್ ಹಿಡಿದು ಅದೇ ದಿನ ಮಡಿಕೇರಿಗೆ ಹೋಗಿ, ಹೇಗೆ ಇಳಿಸಬೇಕೆಂದು ಬರೆಸಿಕೊಳ್ಳಿ.