ಮಿಗ್-21ರ ಬೆಳ್ಳಿ ಮೈ: ಮಲೆನಾಡಿನ ಮಳೆಗಾಲಕ್ಕೆ ಲ್ಯಾಕರೋ, ಅಕ್ರಿಲಿಕ್ಕೋ, ಎನಾಮಲ್ಲೋ, ಅಡುಗೆಮನೆಯ ಫಾಯಿಲೋ?

ಹಸಿರು, ಕಂದು ಬಣ್ಣ ಬಳಿದ ಯುದ್ಧವಿಮಾನದ ಮಾದರಿಯಲ್ಲಿ ಸಣ್ಣಪುಟ್ಟ ಊನಗಳು ಮುಚ್ಚಿಹೋಗುತ್ತವೆ. ಎರಡು ಹೋಳುಗಳನ್ನು ಅಂಟಿಸಿದ ಗೆರೆ ಕೂದಲೆಳೆಯಷ್ಟು ಉಳಿದರೂ ಮಂಕು ಬಣ್ಣದ ಕೆಳಗೆ ಕಣ್ಣಿಗೆ ಬೀಳುವುದಿಲ್ಲ. ಬಣ್ಣವಿಲ್ಲದ ಲೋಹದ ಮೈಯ ವಿಮಾನದಲ್ಲಿ ಈ ಅನುಕೂಲ ಇಲ್ಲ. ಅಲ್ಲಿ ಬೆಳಕು ಒಂದೊಂದು ಗೀರನ್ನೂ ಎತ್ತಿ ತೋರಿಸುತ್ತದೆ. ಆದರೂ ಮಿಗ್-21 ಎಂದರೆ ನನಗೆ ಆ ಬೆಳ್ಳಿ ಮೈಯೇ ಮೊದಲು ನೆನಪಾಗುವುದು.

ನಮ್ಮ ವಾಯುಪಡೆಗೆ 1963ರಲ್ಲಿ ಬಂದ ಈ ವಿಮಾನಕ್ಕೆ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಡುಗೆ ಆಯಿತು. ಆ ಸುದ್ದಿ ಓದಿದ ಮೇಲೆ ಕಪಾಟಿನಲ್ಲಿದ್ದ, ನಿಜ ವಿಮಾನದ 48ನೇ ಒಂದು ಭಾಗದ (1/48) ಅಳತೆಯ ಪ್ಲಾಸ್ಟಿಕ್ ಮಾದರಿಯ ಕಿಟ್ಟನ್ನು ಇನ್ನು ಮುಂದೂಡಬಾರದು ಎಂದು ತೀರ್ಮಾನಿಸಿದೆ. ನಾನು ಆರಿಸಿಕೊಂಡದ್ದು ಮಿಗ್-21ರ ಎಫ್‌ಎಲ್ ಮಾದರಿ, ಎಚ್‌ಎಎಲ್‌ನ ನಾಸಿಕ್ ಕಾರ್ಖಾನೆಯಲ್ಲಿ ತಯಾರಾದದ್ದು. 1971ರ ಯುದ್ಧದ ಹೊತ್ತಿಗೆ ಇವುಗಳಲ್ಲಿ ಅನೇಕಕ್ಕೆ ಮರೆಬಣ್ಣ ಬಳಿಯಲಾಯಿತು. ನನಗೆ ಬೇಕಾದದ್ದು ಅದಕ್ಕೂ ಹಿಂದಿನ ರೂಪ: ಮೂತಿಯ ಶಂಕು ಹಸಿರು, ಬಾಲದ ತುದಿ ಹಸಿರು, ಉಳಿದದ್ದೆಲ್ಲ ಲೋಹ. ನಿಜ ವಿಮಾನದ ರೆಕ್ಕೆಯ ಹರವು 7.15 ಮೀಟರ್. 1/48ರಲ್ಲಿ ಅದು 15 ಸೆಂಟಿಮೀಟರಿಗೆ ಒಂದು ಕೂದಲು ಕಡಿಮೆ. ಅಷ್ಟು ಸಣ್ಣ ಮೈಯನ್ನು ಲೋಹವೆಂದು ಕಣ್ಣು ನಂಬುವಂತೆ ಮಾಡುವುದೇ ಇಡೀ ಕೆಲಸದ ಜೀವಾಳ.

ನನ್ನ ಮೇಜು ಇರುವುದು ತೀರ್ಥಹಳ್ಳಿಯಲ್ಲಿ, ಹಂಚಿನ ಮನೆಯ ಕಿಟಕಿಯ ಪಕ್ಕದಲ್ಲಿ. ಇದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಪುನರ್ವಸು, ಪುಷ್ಯ ಮಳೆಗಳ ಕಾಲದಲ್ಲಿ ನನ್ನ ಕೋಣೆಯ ತೇವಾಂಶ ಮಾಪಕ ಶೇಕಡಾ 90ರಿಂದ ಕೆಳಗೆ ಇಳಿಯುವುದೇ ಇಲ್ಲ. ಬಣ್ಣದ ಡಬ್ಬಿಯ ಮೇಲೆ ಬರೆದಿರುವ ಒಣಗುವ ಸಮಯ ಒಣಹವೆಯ ಊರಿನವರಿಗೆ ಸರಿಹೋಗುತ್ತದೆ, ನಮಗಲ್ಲ. ಹೀಗಾಗಿ ಲ್ಯಾಕರ್, ಅಕ್ರಿಲಿಕ್, ಎನಾಮಲ್, ಫಾಯಿಲ್ ಈ ನಾಲ್ಕು ವಿಧಾನಗಳನ್ನೂ ಮುಂಗಾರಿನಲ್ಲಿ ಒಮ್ಮೆ, ಮಾಗಿಯಲ್ಲಿ ಒಮ್ಮೆ, ಹಳೆಯ ಕಿಟ್ಟುಗಳ ರೆಕ್ಕೆಗಳ ಮೇಲೆ ಅಕ್ಕಪಕ್ಕದಲ್ಲಿ ಮಾಡಿ ನೋಡಿದೆ. ಎಲ್ಲ ರೆಕ್ಕೆಗಳಿಗೂ ತಯಾರಿ ಒಂದೇ: ವಾಟರ್ ಪೇಪರ್ ಎಂಬ ಉಜ್ಜುಕಾಗದದಲ್ಲಿ 1000ದಿಂದ 2000 ನಂಬರಿನವರೆಗೆ ನೀರು ಹಚ್ಚಿ ಉಜ್ಜಿ, ಸೋಪಿನ ನೀರಿನಲ್ಲಿ ತೊಳೆದು ಒಣಗಿಸುವುದು.

ಬೇಗ ಆರುವ ದ್ರಾವಕದ ಬಣ್ಣವಾದ ಲ್ಯಾಕರಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಜಗತ್ತಿನೆಲ್ಲೆಡೆ ಪಳಗಿದ ಕೈಗಳು ಬೆಳ್ಳಿ ಮೈಗೆ ಮೊದಲು ಹೇಳುವುದು ಅದನ್ನೇ. ಹೊಳೆಯುವ ಕಪ್ಪು ಬಣ್ಣದ ತಳಪಾಯ ಹಾಕಿ, ಅದು ಪೂರ್ತಿ ಗಟ್ಟಿಯಾದ ಮೇಲೆ ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ನಲ್ಲಿ 12ರಿಂದ 15 ಪಿಎಸ್‌ಐ ಒತ್ತಡ ಇಟ್ಟು, ತೀರಾ ತೆಳುವಾಗಿ ಪದರದ ಮೇಲೆ ಪದರ ಹಾಯಿಸಬೇಕು. ಕಪ್ಪು ಮಾಯವಾಗಿ ಲೋಹ ಮೇಲೆದ್ದು ಬರುವ ಆ ಕ್ಷಣವನ್ನು ನೋಡಿದವರು ಮರೆಯುವುದಿಲ್ಲ. ಮಾಗಿಯ ಮಧ್ಯಾಹ್ನ, ಇಬ್ಬನಿ ಆರಿ ಬಿಸಿಲು ಬಂದ ಮೇಲೆ ಮಾಡಿದ ರೆಕ್ಕೆಯಲ್ಲಿ ಕಿಟಕಿಯ ಸರಳುಗಳ ನೆರಳು ಎಣಿಸುವಂತೆ ಕಾಣುತ್ತಿತ್ತು. ಪದರವೂ ಗಟ್ಟಿ. ಮರುದಿನ ತಾಮಿಯಾ ಮಾಸ್ಕಿಂಗ್ ಟೇಪ್ ಅಂಟಿಸಿ ಕಿತ್ತರೂ ಏನೂ ಏಳಲಿಲ್ಲ.

ಅದೇ ಬಾಟಲಿ, ಅದೇ ಕೈ, ಪುಷ್ಯ ಮಳೆಯಲ್ಲಿ ಬೇರೆಯೇ ಕಥೆ. ಲ್ಯಾಕರಿನ ದ್ರಾವಕ ಬಹಳ ಬೇಗ ಆವಿಯಾಗುತ್ತದೆ; ಆವಿಯಾಗುವಾಗ ಮೇಲ್ಮೈಯ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ತಣ್ಣಗಾದ ಆ ಮೇಲ್ಮೈಯಲ್ಲಿ ಗಾಳಿಯ ತೇವ ಹನಿಗಟ್ಟಿ ಬಣ್ಣದೊಳಗೇ ಸಿಕ್ಕಿಕೊಳ್ಳುತ್ತದೆ. ಕಪ್ಪು ತಳಪಾಯದ ಮೇಲೆ ಬೂದು ಮಂಜು ಕವಿದಂತಾಗಿ, ಲೋಹ ಸತ್ತ ಸೀಸದ ಬಣ್ಣಕ್ಕೆ ತಿರುಗುತ್ತದೆ. ಕಾರಿಗೆ ಬಣ್ಣ ಹೊಡೆಯುವವರಿಗೆ ಇದು ಗೊತ್ತಿರುವ ವಿಷಯ. ಅವರು ಇದನ್ನು ಬ್ಲಶ್ ಎನ್ನುತ್ತಾರೆ. ಕಂಪ್ರೆಸರಿನ ಕೊಳವೆಗೆ ನೀರು ಹಿಡಿಯುವ ಬಟ್ಟಲು ಹಾಕಲೇಬೇಕು, ನಾನೂ ಹಾಕಿದ್ದೇನೆ. ಆದರೆ ಅದು ತಡೆಯುವುದು ಕೊಳವೆಯೊಳಗಿನ ನೀರನ್ನು, ಕೋಣೆಯ ತೇವವನ್ನಲ್ಲ. ಇನ್ನು ವಾಸನೆ. ಈ ಆವಿಗೆ ಬಟ್ಟೆಯ ಮಾಸ್ಕ್ ಸಾಲದು. ಸಾವಯವ ಆವಿ ಹೀರುವ ಕಾರ್ಟ್ರಿಜ್ ಇರುವ ಮುಖವಾಡ ಬೇಕು, ಕಿಟಕಿ ತೆರೆದಿರಬೇಕು. ಮಳೆಗಾಲದಲ್ಲಿ ಕಿಟಕಿ ತೆರೆದರೆ ಎರಚಲು ಒಳಗೆ, ಮುಚ್ಚಿದರೆ ವಿಷದ ಗಾಳಿ ಒಳಗೆ. ಮಾಪಕ 60ರ ಆಸುಪಾಸಿಗೆ ಇಳಿಯದ ಹೊರತು ನಾನು ಲ್ಯಾಕರಿನ ಮುಚ್ಚಳ ತೆಗೆಯುವುದಿಲ್ಲ. ಅಂದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಅದಕ್ಕೆ ರಜೆ.

ನೀರು ಬೆರೆತ ಅಕ್ರಿಲಿಕ್ ಲೋಹಬಣ್ಣಗಳು ಈ ಕಾಲಕ್ಕೆ ಹೆಚ್ಚು ಸೌಮ್ಯ. ವಾಸನೆ ಇಲ್ಲವೆನ್ನುವಷ್ಟು ಕಡಿಮೆ, ಮಕ್ಕಳಿರುವ ಮನೆಯಲ್ಲೂ ಕೂತು ಹೊಡೆಯಬಹುದು, ಏರ್‌ಬ್ರಷ್ ತೊಳೆಯುವುದೂ ಸುಲಭ. ಬ್ಲಶ್‌ನ ಕಾಟವೂ ಇಲ್ಲ. ಹೊಳಪು ಲ್ಯಾಕರಿಗಿಂತ ಒಂದು ಮೆಟ್ಟಿಲು ಕೆಳಗೆ ನಿಲ್ಲುತ್ತದೆ, ಆದರೆ ವಾಯುನೆಲೆಯಲ್ಲಿ ಬಿಸಿಲು, ಮಳೆ ತಿಂದ ವಿಮಾನಕ್ಕೆ ಆ ಹದವೇ ಸರಿ ಎಂದು ವಾದಿಸುವವರಿದ್ದಾರೆ, ಅದರಲ್ಲಿ ಹುರುಳಿದೆ. ಇವುಗಳ ದೌರ್ಬಲ್ಯ ಹಿಡಿತ. ಪ್ಲಾಸ್ಟಿಕ್ಕನ್ನು ಇವು ಕಚ್ಚಿಕೊಳ್ಳುವುದಿಲ್ಲ, ಮೇಲೆ ಕೂತಿರುತ್ತವೆ ಅಷ್ಟೆ. ಮುಟ್ಟಿದರೆ ಒಣಗಿದಂತೆ ತೋರುವ ಪದರ ನಮ್ಮ ಮಳೆಗಾಲದಲ್ಲಿ ದಿನಗಟ್ಟಲೆ ಒಳಗೆ ಮೆತ್ತಗೇ ಇರುತ್ತದೆ. ಮೂತಿಯ ಹಸಿರಿಗೆಂದು ಟೇಪ್ ಸುತ್ತಿ ಬಿಚ್ಚಿದರೆ ಬೆಳ್ಳಿಯ ಚಕ್ಕೆಯೂ ಜೊತೆಗೆ ಬರುವ ಸಂಭವ ಇದೆ. ಹಸಿರನ್ನು ಮೊದಲು ಹೊಡೆದು ಅದನ್ನು ಮುಚ್ಚಿ, ಬೆಳ್ಳಿಯನ್ನು ಕೊನೆಗೆ ಹೊಡೆದರೆ ಈ ತೊಂದರೆ ಅರ್ಧಕ್ಕರ್ಧ ತಪ್ಪುತ್ತದೆ.

ಉಜ್ಜಿ ಹೊಳಪು ತರುವ ಎನಾಮಲ್ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಏರ್‌ಬ್ರಷ್ ಇಲ್ಲದವರಿಗೆ, ಕರೆಂಟ್ ಕೈಕೊಟ್ಟ ದಿನಗಳಿಗೆ ಇದು ಒಳ್ಳೆಯ ಸಂಗಾತಿ: ಕುಂಚದಲ್ಲೇ ಬಳಿದು, ಒಣಗಿದ ಮೇಲೆ ಹಳೆಯ ಪಂಚೆಯ ತುಂಡಿನಿಂದ ಉಜ್ಜಿದರೆ ಮಂಕು ಬೂದಿಯಿಂದ ಲೋಹ ಕಣ್ಣು ಬಿಡುತ್ತದೆ. ಆದರೆ ಬೆರಳು ತಾಗಿದಲ್ಲೆಲ್ಲ ಪುಡಿ ಏಳುತ್ತದೆ. ಪುಡಿ ಏಳದಿರಲೆಂದು ವಾರ್ನಿಷ್ ಹಾಕಿದರೆ ಉಜ್ಜಿ ತಂದ ಹೊಳಪೇ ಕುಗ್ಗುತ್ತದೆ. ಇಡೀ ವಿಮಾನಕ್ಕೆ ನಾನು ಇದನ್ನು ಆರಿಸುವುದಿಲ್ಲ.

ಈಗ ಫಾಯಿಲ್. ರೊಟ್ಟಿ ಸುತ್ತಿಡುವ ಅದೇ ಅಲ್ಯೂಮಿನಿಯಂ ಹಾಳೆ, ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಯಾವ ಅಂಗಡಿಗೆ ಹೋದರೂ ಸಿಗುತ್ತದೆ. ಮನೆಬಳಕೆಯ ಹಾಳೆಯ ದಪ್ಪ ಸಾಮಾನ್ಯವಾಗಿ 11 ಮೈಕ್ರಾನ್. 48ರಿಂದ ಗುಣಿಸಿದರೆ ಅರ್ಧ ಮಿಲಿಮೀಟರಿಗೆ ಸ್ವಲ್ಪ ಹೆಚ್ಚು; ಹಾಗಾಗಿ ಒಂದು ತುಂಡಿನ ಅಂಚು ಇನ್ನೊಂದರ ಮೇಲೆ ಕೂತರೂ ಅದು ತಗಡಿನ ಅಂಚಿನಂತೆಯೇ ಕಾಣುತ್ತದೆ. ಅಂಟು ಮಾತ್ರ ಇದಕ್ಕೆಂದೇ ತಯಾರಾದದ್ದಿರಲಿ. ಮೈಕ್ರೋಸ್ಕೇಲ್‌ನ ಫಾಯಿಲ್ ಅಂಟು ನನಗೆ ಚೆನ್ನಾಗಿ ಒಗ್ಗಿದೆ. ಅಂಟಿಸಿದ ಮೇಲೆ ಹಾಳೆಯ ಮಂಕು ಬದಿ ಹೊರಗೆ ಕಾಣುವಂತೆ, ಹೊಳೆಯುವ ಬದಿಗೆ ಅಂಟನ್ನು ಕುಂಚದಲ್ಲಿ ತೆಳುವಾಗಿ ಸವರಬೇಕು. ಬಳಿದಾಗ ಬೆಳ್ಳಗಿರುವ ಅಂಟು ತಿಳಿಯಾಗಿ, ಮುಟ್ಟಿದರೆ ಬೆರಳು ಹಿಡಿಯುವ ಹದಕ್ಕೆ ಬರುವವರೆಗೆ ಕಾಯಬೇಕು. ಮಳೆಗಾಲದಲ್ಲಿ ಈ ಕಾಯುವಿಕೆ ಜಾಸ್ತಿ, ಆದರೆ ಅದರಿಂದ ಕೆಡುವುದು ಏನೂ ಇಲ್ಲ. ಹಾಳೆ ಇನ್ನೂ ವಿಮಾನದ ಮೇಲೆ ಹೋಗಿಲ್ಲವಲ್ಲ, ಹೇರ್ ಡ್ರೈಯರ್ ಹಿಡಿದರೂ ಪ್ಲಾಸ್ಟಿಕ್ ಸೊಟ್ಟಗಾಗುವ ಭಯವಿಲ್ಲ. ಹಸಿ ಇರುವಾಗಲೇ ಅಂಟಿಸುವ ಆತುರ ಬೇಡ. ಲೋಹದ ಕೆಳಗೆ ಸಿಕ್ಕ ನೀರಿಗೆ ಹೊರಗೆ ಹೋಗಲು ದಾರಿಯಿರುವುದಿಲ್ಲ, ಗುಳ್ಳೆ ಏಳುತ್ತದೆ.

ತುಂಡನ್ನು ಇಟ್ಟು, ನಡುವಿನಿಂದ ಅಂಚಿನ ಕಡೆಗೆ ಹತ್ತಿಕಡ್ಡಿಯಲ್ಲಿ ಒತ್ತುತ್ತಾ ಹೋಗುತ್ತೇನೆ. ಆಮೇಲೆ ತುದಿ ಮೊಂಡಾದ ಬಿದಿರು ಕಡ್ಡಿಯಿಂದ ಫಲಕದ ಗೆರೆಗಳ (ವಿಮಾನದ ಮೈಯ ತಗಡುಗಳು ಕೂಡುವ ಗೆರೆಗಳ) ಮೇಲೆ ಎಳೆದರೆ ಒಂದೊಂದು ರಿವೆಟ್ಟೂ ಮೇಲೇಳುತ್ತದೆ. ಹೊಸ ಬ್ಲೇಡಿನಿಂದ ಗೆರೆಯ ಉದ್ದಕ್ಕೂ ಕತ್ತರಿಸಿ ಹೆಚ್ಚುವರಿ ಹಾಳೆಯನ್ನು ಎಳೆದು ತೆಗೆಯಬೇಕು. ಬ್ಲೇಡಿನಲ್ಲಿ ಮಾತ್ರ ಜಿಪುಣತನ ಸಲ್ಲದು, ಮೊಂಡು ಬ್ಲೇಡ್ ಹಾಳೆಯನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ.

ಬೇರೆ ಯಾವ ಬಣ್ಣದಲ್ಲೂ ನನಗೆ ಸಿಗದ ಒಂದು ಗುಣ ಫಾಯಿಲಿನಲ್ಲಿದೆ. ಹಾಳೆಯನ್ನು ದೀಪಕ್ಕೆ ಓರೆಯಾಗಿ ಹಿಡಿದು ನೋಡಿ: ರೋಲರಿನಲ್ಲಿ ಉರುಳಿ ಬಂದ ದಿಕ್ಕಿನಲ್ಲಿ ಸೂಕ್ಷ್ಮ ಗೆರೆಗಳಿರುತ್ತವೆ. ಒಂದು ಫಲಕಕ್ಕೆ ಆ ಗೆರೆ ಉದ್ದಕ್ಕೆ, ಪಕ್ಕದ ಫಲಕಕ್ಕೆ ಅಡ್ಡಕ್ಕೆ ಬರುವಂತೆ ಕತ್ತರಿಸಿದರೆ ಒಂದೇ ಹಾಳೆಯ ಎರಡು ತುಂಡುಗಳು ಬೇರೆ ಬೇರೆ ಲೋಹದಂತೆ ಬೆಳಕನ್ನು ತಿರುಗಿಸುತ್ತವೆ. ಮಾದರಿಯನ್ನು ಕೈಯಲ್ಲಿ ಹೊರಳಿಸಿದಾಗ ಮಂಕಾಗಿದ್ದ ಫಲಕ ಬೆಳಗುತ್ತದೆ, ಬೆಳಗಿದ್ದದ್ದು ಮಂಕಾಗುತ್ತದೆ. ನಿಜ ವಿಮಾನದ ಹಳೆಯ ಚಿತ್ರಗಳಲ್ಲಿ ಕಾಣುವ ಏರುಪೇರು ಇದೇ. ಅಕ್ಕನ ಮಗ ಅದನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, “ಮಾವ, ಇದು ತಗಡಿನದ್ದೇ ಅಲ್ಲವಾ?” ಎಂದು ಕೇಳಿದ. ಹೌದು, ಮೇಲಿನದ್ದು ತಗಡೇ.

ಕಷ್ಟಗಳೂ ಇವೆ. ಮಿಗ್-21ರ ಒಡಲು ಬಹುಮಟ್ಟಿಗೆ ನೀಳ ಕೊಳವೆ, 57 ಡಿಗ್ರಿ ಹಿಂದಕ್ಕೆ ಬಾಗಿದ ತ್ರಿಕೋನ ರೆಕ್ಕೆ ಚಪ್ಪಟೆ. ಇವು ಫಾಯಿಲಿಗೆ ಹೇಳಿ ಮಾಡಿಸಿದಂಥವು. ಆದರೆ ರೆಕ್ಕೆ ಒಡಲಿಗೆ ಸೇರುವ ತಗ್ಗಿನಲ್ಲಿ, ಮೂತಿಯ ಗಾಳಿಬಾಯಿಯ ಅಂಚಿನಲ್ಲಿ, ಎರಡು ದಿಕ್ಕಿಗೆ ಬಾಗುವಲ್ಲೆಲ್ಲ ಹಾಳೆ ಸುಕ್ಕುಗಟ್ಟುತ್ತದೆ. ಅಲ್ಲಿ ತುಂಡು ಚಿಕ್ಕದಾದಷ್ಟೂ ಒಳ್ಳೆಯದು. ಇನ್ನೊಂದು ಎಚ್ಚರ: ಮಾಮೂಲಿ ಪ್ಲಾಸ್ಟಿಕ್ ಅಂಟು ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವಂಥದ್ದು, ಲೋಹದ ಮೇಲೆ ಅದು ನಡೆಯುವುದಿಲ್ಲ. ಕ್ಷಿಪಣಿ ತೂಗುವ ಪೈಲನ್, ಆಂಟೆನಾಗಳನ್ನು ಕೂರಿಸುವ ಜಾಗದಲ್ಲಿ ಫಾಯಿಲನ್ನು ಕೆರೆದು ತೆಗೆಯಬೇಕು, ಇಲ್ಲವೇ ಸೂಪರ್ ಗ್ಲೂ ಬಳಸಬೇಕು. ಕಾಕ್‌ಪಿಟ್ಟಿನ ಗಾಜಿನ ಹತ್ತಿರ ಸೂಪರ್ ಗ್ಲೂ ಒಯ್ಯಬೇಡಿ, ಅದರ ಆವಿಗೆ ಗಾಜು ಬೆಳ್ಳಗಾಗುತ್ತದೆ. ಸಮಯವೂ ಹಿಡಿಯುತ್ತದೆ: ಲ್ಯಾಕರಿನಲ್ಲಿ ಒಂದು ಮಧ್ಯಾಹ್ನಕ್ಕೆ ಮುಗಿಯುವುದು ಇಲ್ಲಿ ಪುನರ್ವಸುವಿನಲ್ಲಿ ಹಿಡಿದರೆ ಆಶ್ಲೇಷ ಮಳೆಯವರೆಗೆ ಎಳೆಯುತ್ತದೆ. ಹೊರಗೆ ಕಾಲಿಡಲಾಗದ ಆ ದಿನಗಳಲ್ಲಿ ನನಗೆ ಅದು ಹೊರೆ ಎನಿಸಲಿಲ್ಲ.

ಹಾಗಾಗಿ ನನ್ನ ಎಫ್‌ಎಲ್‌ನ ಒಡಲು, ರೆಕ್ಕೆ, ಬಾಲ ಫಾಯಿಲಿನದ್ದು. ಗಾಳಿಬಾಯಿಯ ಅಂಚು, ಚಕ್ರಗಳ ಬಾಗಿಲು, ಹೊಟ್ಟೆಯಡಿಯ ಚಿಕ್ಕ ಉಬ್ಬುಗಳಿಗೆ ಅಕ್ರಿಲಿಕ್. ಮೂತಿಯ ಮೇಲಿನ, ಹಾರಾಟದ ವೇಗ ಅಳೆಯಲು ಬಳಸುವ ಪಿಟೋ ಕೊಳವೆಗೆ ಮೆಡಿಕಲ್ ಅಂಗಡಿಯ ಇಂಜೆಕ್ಷನ್ ಸೂಜಿ ಸಾಕು, ಅದಕ್ಕೆ ಬಣ್ಣವೇ ಬೇಡ. ಒಣಹವೆಯ ಊರಿನಲ್ಲಿದ್ದು ಒಳ್ಳೆಯ ಏರ್‌ಬ್ರಷ್ ಇರುವವರಿಗೆ ನಾನು ಲ್ಯಾಕರನ್ನೇ ಹೇಳುತ್ತೇನೆ. ತೀರ್ಥಹಳ್ಳಿ, ಹೊಸನಗರ, ಸಾಗರದವರಿಗೆ ಮಳೆಗಾಲದಲ್ಲಿ ಫಾಯಿಲ್ ಬಿಟ್ಟು ಬೇರೆಯದನ್ನು ಹೇಳಲಾರೆ. ವಿಮಾನದ ಗುರುತುಗಳನ್ನು ಅಂಟಿಸುವ ಡೆಕಾಲ್ ಹಾಳೆಗಳನ್ನು ಮಾತ್ರ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿ ಡಬ್ಬಿಯಲ್ಲಿ ಇಡಿ, ನಮ್ಮ ಕಡೆ ಅವಕ್ಕೂ ಬೂಷ್ಟು ಹಿಡಿಯುತ್ತದೆ. ನಯವಾದ ಫಾಯಿಲಿನ ಮೇಲೆ ಕೇಸರಿ, ಬಿಳಿ, ಹಸಿರಿನ ವೃತ್ತಗಳು ಅಡಿಯಲ್ಲಿ ಗಾಳಿ ಉಳಿಯದಂತೆ ಚೆನ್ನಾಗಿ ಕೂರುತ್ತವೆ.

ಎಂಜಿನ್ ನಳಿಗೆಯ ಸುತ್ತಲಿನ ಭಾಗವನ್ನು ಇನ್ನೂ ಖಾಲಿ ಬಿಟ್ಟಿದ್ದೇನೆ. ಕಾವಿಗೆ ಲೋಹ ಕಂದು, ನೀಲಿಗೆ ತಿರುಗಿದ ಆ ಬಣ್ಣಗಳನ್ನು ಒಂದರೊಳಗೊಂದು ಬೆರೆಸಲು ಫಾಯಿಲಿನಿಂದ ಆಗುವುದಿಲ್ಲ, ಅಕ್ರಿಲಿಕ್ ಅಷ್ಟು ತೆಳುವಾಗಿ ನಿಲ್ಲುವುದಿಲ್ಲ. ಅದಕ್ಕೆ ಲ್ಯಾಕರೇ ಬೇಕು, ಸ್ವಾತಿ ಮಳೆ ಕಳೆದು ಮಾಪಕ ಕೆಳಗಿಳಿದ ಮೇಲೆ.