ಮೊದಲ ಮರದ ಹಡಗು: ವಿಕ್ಟರಿ, ಡೋರಿ, ಪ್ರಾಮ್

ಮರದ ಹಡಗಿನ ಮಾದರಿ ಕಟ್ಟಲು ಹೊರಟವರು ಮೊದಲ ಕಿಟ್ (ಬಿಡಿಭಾಗಗಳ ಪೆಟ್ಟಿಗೆ) ಯಾವುದು ಎಂದು ಕೇಳಿದರೆ ನಾನು ಯೋಚಿಸದೆ ಡೋರಿ ಎನ್ನುತ್ತೇನೆ, ಚಪ್ಪಟೆ ತಳದ ಸಣ್ಣ ಮೀನುಗಾರಿಕೆ ದೋಣಿ ಅದು. ಮಾಡೆಲ್ ಶಿಪ್‌ವೇಸ್ ಎಂಬ ಕಿಟ್ ಕಂಪನಿಯವರ ಲೋವೆಲ್ ಗ್ರ್ಯಾಂಡ್ ಬ್ಯಾಂಕ್ಸ್ ಡೋರಿ. 1:24ರ ಅಳತೆ (ನಿಜವಾದ ದೋಣಿಯ 24ನೇ ಒಂದು ಭಾಗ), ಹೆಚ್ಚುಕಡಿಮೆ ಒಂದು ಗೇಣುದ್ದದ ದೋಣಿ. ಈ ಮಾತು ಬರಬೇಕಾದರೆ ನಾನು ಮೊದಲು ವಿಕ್ಟರಿ ಎಂಬ ದೊಡ್ಡ ಯುದ್ಧನೌಕೆಯ ಮಾದರಿಯನ್ನು ಅರ್ಧಕ್ಕೆ ನಿಲ್ಲಿಸಬೇಕಾಯಿತು. ಡೋರಿಯ ನಂತರ ಅದೇ ಸರಣಿಯ ನಾರ್ವೇಜಿಯನ್ ಪ್ರಾಮ್ ಎಂಬ ಸಣ್ಣ ಹಾಯಿದೋಣಿ ಕಟ್ಟಿದೆ. ಹಾಗಾಗಿ ಈ ಮೂರರ ಬಗ್ಗೆ ಮಾತ್ರ ಬರೆಯುತ್ತೇನೆ.

ವಿಕ್ಟರಿಯನ್ನು ಆರಿಸಿದ್ದಕ್ಕೆ ಕಾರಣ ಹೇಳಬೇಕಾಗಿಲ್ಲ. 1765ರಲ್ಲಿ ನೀರಿಗಿಳಿದು, 1805ರ ಟ್ರಫಾಲ್ಗರ್ ಕದನದಲ್ಲಿ ಬ್ರಿಟಿಷ್ ನೌಕಾಪತಿ ನೆಲ್ಸನ್‌ನನ್ನು ಹೊತ್ತಿದ್ದ ಹಡಗು ಅದು. ಮೂರು ಹಾಯಿಗಂಬ, ಸಾಲುಸಾಲು ಫಿರಂಗಿ, ಬಲೆಯಂತೆ ಹೆಣೆದ ಹಗ್ಗ. ಈ ಹವ್ಯಾಸಕ್ಕೆ ಬರುವ ಬಹಳ ಜನರ ಕಣ್ಣಲ್ಲಿ ಅದರ ಚಿತ್ರವೇ ಇರುತ್ತದೆ. ಅದರ ಕಿಟ್ ತಯಾರಿಸುವ ಕಂಪನಿಗಳು ಹಲವಿವೆ. ನಾನು ಕೊಂಡದ್ದು ಯಾವುದು ಎನ್ನುವುದು ಇಲ್ಲಿ ಮುಖ್ಯವಲ್ಲ, ಏಕೆಂದರೆ ನಾನು ಸಿಕ್ಕಿಬಿದ್ದ ಜಾಗ ಈ ಬಗೆಯ ಯಾವ ಕಿಟ್‌ನಲ್ಲೂ ಇದ್ದೇ ಇರುತ್ತದೆ. ಹಡಗಿನ ಮೈಗೆ ಪಟ್ಟಿ ಹೊದಿಸುವ ಕೆಲಸ ಅದು.

ಅಸ್ಥಿಪಂಜರ ಕಟ್ಟುವುದು ಸುಲಭ. ನಡುವೆ ಬೆನ್ನೆಲುಬಿನಂತಹ ಉದ್ದನೆಯ ಹಲಗೆ, ಅದರ ಸೀಳುಗಳಲ್ಲಿ ಕೂರುವ ಅಡ್ಡಹಲಗೆಗಳು. ಎರಡು ಸಂಜೆಯಲ್ಲಿ ಹಡಗಿನ ಆಕಾರ ಎದ್ದು ನಿಂತಾಗ ಆದ ಸಂತೋಷ ದೊಡ್ಡದು. ಆಮೇಲೆ ಪೆಟ್ಟಿಗೆಯಿಂದ ಕಟ್ಟುಕಟ್ಟಾಗಿ ನೇರವಾದ ಪಟ್ಟಿಗಳು ಹೊರಬರುತ್ತವೆ. ಎಲ್ಲವೂ ಒಂದೇ ಅಗಲ, ಒಂದೇ ದಪ್ಪ. ನನ್ನ ಕಿಟ್‌ನ ಕೈಪಿಡಿ ಈ ಹಂತದಲ್ಲಿ ಹೇಳಿದ್ದು ಎರಡೇ ಸಾಲು: ಪಟ್ಟಿಗಳನ್ನು ನೆನೆಸಿ ಅಂಟಿಸಿ, ಬೇಕಾದಲ್ಲಿ ಕತ್ತರಿಸಿ. ಎಲ್ಲಿ ಬೇಕು, ಎಷ್ಟು ಬೇಕು ಎನ್ನುವುದು ಅದರಲ್ಲಿ ಇರಲಿಲ್ಲ.

ಹಡಗಿನ ಹೊಟ್ಟೆಯ ಬಳಿ ಒಂದು ಪಕ್ಕದ ಸುತ್ತಳತೆ 100 ಮಿ.ಮೀ. ಎಂದುಕೊಳ್ಳಿ. 5 ಮಿ.ಮೀ. ಅಗಲದ ಪಟ್ಟಿಗಳು 20 ಬೇಕು. ಆ ಇಪ್ಪತ್ತೂ ಮೂತಿಗೆ ಹೋಗಿ ಸೇರಬೇಕು, ಆದರೆ ಅಲ್ಲಿರುವ ಜಾಗ 60 ಮಿ.ಮೀ. ಮಾತ್ರ. ಅಂದರೆ ಪ್ರತಿ ಪಟ್ಟಿಯನ್ನೂ ಮೂತಿಯ ಕಡೆಗೆ 3 ಮಿ.ಮೀ.ಗೆ ಇಳಿಯುವಂತೆ ಹೆರೆಯಬೇಕು. ನಾನು ಹೆರೆಯಲಿಲ್ಲ. ಪೂರ್ಣ ಅಗಲದಲ್ಲೇ ಒಂದರ ಪಕ್ಕಕ್ಕೆ ಒಂದು ಒತ್ತುತ್ತಾ ಹೋದೆ. ಮೊದಲ ನಾಲ್ಕು ಪಟ್ಟಿಗಳು ಚೆನ್ನಾಗಿಯೇ ಕೂತವು. ಐದನೆಯದು ಮೂತಿಯ ಹತ್ತಿರ ಮೇಲಕ್ಕೆ ತಿರುಗಲು ನೋಡಿತು, ನಾನು ಬಲವಂತವಾಗಿ ಕೆಳಕ್ಕೆ ಎಳೆದೆ.

ಪ್ಲಾಸ್ಟಿಕ್ ಸ್ಕೇಲನ್ನು ಚಪ್ಪಟೆ ಮುಖದ ಕಡೆಗೆ ಬಾಗಿಸಿದರೆ ಸಲೀಸಾಗಿ ಬಾಗುತ್ತದೆ. ಅಂಚಿನ ಕಡೆಗೆ ಬಾಗಿಸಲು ಹೋದರೆ ಒಂದಿಷ್ಟೂ ಬಗ್ಗುವುದಿಲ್ಲ. ಮರದ ಪಟ್ಟಿಯೂ ಹಾಗೆಯೇ. ಅಂಚಿನ ಕಡೆಗೆ ಎಳೆದಾಗ ಅದು ಬಾಗುವ ಬದಲು ಹೊರಳುತ್ತದೆ, ಒಂದು ಅಂಚು ಮೇಲೆದ್ದು ನಿಲ್ಲುತ್ತದೆ. ಹತ್ತನೆಯ ಪಟ್ಟಿಯ ಹೊತ್ತಿಗೆ ನನ್ನ ವಿಕ್ಟರಿಯ ಮೂತಿ ಮೀನಿನ ಹುರುಪೆಯಂತೆ ಆಗಿತ್ತು. ಉಜ್ಜಿ ಸರಿಮಾಡೋಣವೆಂದರೆ ಪಟ್ಟಿಯ ದಪ್ಪವೇ ಅಷ್ಟಿಲ್ಲ, ಎರಡು ಕಡೆ ತೂತು ಬಿತ್ತು. ಇದರ ಮೇಲೆ ಕಾಗದದಷ್ಟು ತೆಳುವಾದ ಎರಡನೆಯ ಪದರ ಅಂಟಿಸಬೇಕಿತ್ತು. ಒಳಗಿನ ಉಬ್ಬುತಗ್ಗು ಅದರಲ್ಲಿ ಹಾಗೆಯೇ ಎದ್ದು ಕಾಣುತ್ತದೆ.

ಅಡ್ಡಹಲಗೆಗಳ ಅಂಚನ್ನು ಓರೆಯಾಗಿ ಉಜ್ಜಿಕೊಳ್ಳದೇ ಇದ್ದದ್ದು ಇನ್ನೊಂದು ತಪ್ಪು. ಪಟ್ಟಿ ಮೂತಿಯತ್ತ ತಿರುಗುವಾಗ ಅಡ್ಡಹಲಗೆಯ ಪೂರ್ತಿ ದಪ್ಪಕ್ಕೆ ತಾಗಬೇಕು, ಒಂದು ಚೂಪು ಅಂಚಿಗೆ ಮಾತ್ರವಲ್ಲ. ಅಂಟಿಸುವ ಮೊದಲು ಒಂದು ಪಟ್ಟಿಯನ್ನು ಸುಮ್ಮನೆ ಮೈಮೇಲೆ ಹಿಡಿದು, ಎಲ್ಲಿ ಬೆಳಕು ಕಾಣುತ್ತದೆ ಎಂದು ನೋಡಿದ್ದರೆ ಸಾಕಿತ್ತು.

ಇಷ್ಟನ್ನೂ ನನಗೆ ಕಲಿಸಿದ್ದು ಡೋರಿಯ ಒಂದೇ ಒಂದು ಹಲಗೆ. ಡೋರಿಯ ಕಿಟ್‌ನಲ್ಲಿ ನೇರ ಪಟ್ಟಿಗಳಿಲ್ಲ. ಪಕ್ಕದ ಹಲಗೆಗಳು ಬೇಕಾದ ಆಕಾರಕ್ಕೇ ಲೇಸರ್‌ನಿಂದ ಕತ್ತರಿಸಿ ಬರುತ್ತವೆ. ಅಂಥ ಒಂದು ಹಲಗೆಯನ್ನು ಮರದ ಹಾಳೆಯಿಂದ ಬಿಡಿಸಿ ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು ನೋಡಿದೆ. ಬಾಳೆಹಣ್ಣಿನಂತೆ ಡೊಂಕಾಗಿತ್ತು. ದೋಣಿಯ ಮೈಗೆ ಸುತ್ತಿದಾಗ ಅದೇ ಡೊಂಕು ನೀಳವಾದ, ಸಹಜವಾದ ಗೆರೆಯಾಯಿತು. ಎಲ್ಲೂ ಎಳೆಯಬೇಕಾಗಲಿಲ್ಲ. ದುಂಡಗಿನ ಮೈಮೇಲೆ ನೇರವಾಗಿ ಕಾಣುವ ಹಲಗೆ ನೆಲದ ಮೇಲೆ ನೇರವಾಗಿರುವುದಿಲ್ಲ ಎನ್ನುವುದು ಆ ಗಳಿಗೆಯಲ್ಲಿ ಕೈಗೆ ಅರ್ಥವಾಯಿತು. ವಿಕ್ಟರಿಯ ಪೆಟ್ಟಿಗೆಯ ಮುಂದೆ ತಿಂಗಳುಗಟ್ಟಲೆ ಕೂತರೂ ಹೊಳೆಯದಿದ್ದ ವಿಷಯ ಇದು.

ನಿಜವಾದ ಡೋರಿ ಹುಟ್ಟಿದ್ದೇ ಬೇಗ, ಅಗ್ಗವಾಗಿ ಕಟ್ಟುವುದಕ್ಕೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಏಮ್ಸ್‌ಬರಿಯಲ್ಲಿ 1793ರಲ್ಲಿ ಆರಂಭವಾದ ಲೋವೆಲ್ ಕುಟುಂಬದ ಕಾರ್ಖಾನೆಯ ಹೆಸರೇ ಈ ಕಿಟ್‌ಗೆ ಬಂದಿದೆ. ಉತ್ತರ ಅಟ್ಲಾಂಟಿಕ್‌ನ ಗ್ರ್ಯಾಂಡ್ ಬ್ಯಾಂಕ್ಸ್ ಎಂಬ ಕಡಲಭಾಗಕ್ಕೆ ಕಾಡ್ ಮೀನು ಹಿಡಿಯಲು ಹೋಗುತ್ತಿದ್ದ ಸ್ಕೂನರ್ ಹಾಯಿಹಡಗುಗಳು ಇಂಥ ದೋಣಿಗಳನ್ನು ಬಟ್ಟಲುಗಳಂತೆ ಒಂದರೊಳಗೆ ಒಂದು ಪೇರಿಸಿ ಒಯ್ಯುತ್ತಿದ್ದವು. ಅದಕ್ಕಾಗಿಯೇ ಕೂರುವ ಹಲಗೆಗಳನ್ನು ತೆಗೆದಿಡಲು ಬರುತ್ತಿತ್ತು. ಚಪ್ಪಟೆ ತಳ, ಹೊರಕ್ಕೆ ಚಾಚಿದ ನೇರ ಪಕ್ಕಗಳು, ಬದಿಗೆ ಕೆಲವೇ ಹಲಗೆ. ಅಂದು ದೋಣಿ ಕಟ್ಟುವವರಿಗೆ ಅನುಕೂಲವಾಗಿದ್ದ ಆಕಾರ ಇಂದು ಹೊಸದಾಗಿ ಮಾದರಿ ಕಟ್ಟುವವರಿಗೂ ಅನುಕೂಲ.

 

ಪ್ರಾಮ್ ಕೂಡ ಒಳ್ಳೆಯ ಕಿಟ್. 1:12ರ ಅಳತೆಯಾದ್ದರಿಂದ ತುಂಡುಗಳು ದೊಡ್ಡವು, ಕಣ್ಣಿಗೆ ಆಯಾಸವಿಲ್ಲ. ಹಾಯಿಗಂಬವೂ ಹಾಯಿಯೂ ಇರುವುದರಿಂದ ಹಗ್ಗದ ಕೆಲಸದ ರುಚಿ ಸಿಗುತ್ತದೆ. ಆದರೆ ಇಲ್ಲಿ ಪ್ರತಿ ಹಲಗೆಯೂ ಕೆಳಗಿನ ಹಲಗೆಯ ಅಂಚಿನ ಮೇಲೆ ಹೊದ್ದು ಕೂರುತ್ತದೆ. ಹೊದ್ದುಕೊಳ್ಳುವ ಆ ಕಿರಿದಾದ ಅಂಚನ್ನು ಉದ್ದಕ್ಕೂ ಓರೆ ಮಾಡಬೇಕು. ಆ ಓರೆಯೂ ಒಂದೇ ಸಮನಾಗಿರದೆ, ನಡುವಿನಿಂದ ತುದಿಗೆ ಹೋಗುತ್ತಾ ಬದಲಾಗುತ್ತದೆ. ಡೋರಿಯ ಅಭ್ಯಾಸವಿದ್ದದ್ದರಿಂದ ನನಗೆ ಕಷ್ಟವೆನಿಸಲಿಲ್ಲ. ಪ್ರಾಮನ್ನೇ ಮೊದಲು ತೆಗೆದುಕೊಂಡಿದ್ದರೆ ಬಹುಶಃ ಮೂರನೆಯ ಹಲಗೆಯಲ್ಲಿ ಕೈಬಿಡುತ್ತಿದ್ದೆ.

ಖರ್ಚಿನ ವಿಷಯದಲ್ಲಿ ಪೆಟ್ಟಿಗೆಯ ಬೆಲೆಯನ್ನಷ್ಟೇ ನೋಡಬೇಡಿ. ವಿಕ್ಟರಿಗೆ ಕೊಟ್ಟ ಹಣದಲ್ಲಿ ನಾನು ಡೋರಿ, ಪ್ರಾಮ್ ಎರಡನ್ನೂ ಕೊಂಡು ಇನ್ನೂ ಉಳಿಸಬಹುದಿತ್ತು. ಮೇಲಾಗಿ ದೊಡ್ಡ ಹಡಗು ಕೇಳುವ ಉಪಕರಣಗಳೇ ಬೇರೆ: ಪಟ್ಟಿ ಬಾಗಿಸುವ ಬಿಸಿ ಕಡ್ಡಿ, ಸಣ್ಣ ಡ್ರಿಲ್, ಹತ್ತಾರು ಕ್ಲಾಂಪ್. ಡೋರಿಗೆ ನಾನು ಬಳಸಿದ್ದು ಹರಿತವಾದ ಕಿರುಚಾಕು, ಎರಡು ಬಗೆಯ ಉಪ್ಪುಕಾಗದ, ಬಿಳಿ ಅಂಟು, ಬಟ್ಟೆ ಒಣಹಾಕುವ ಕ್ಲಿಪ್ಪುಗಳು. ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ಬೇಡವೇ ಬೇಡ. ತಪ್ಪಾಗಿ ಕೂತ ಹಲಗೆಯನ್ನು ಸರಿಸಲು ಅದು ಸಮಯ ಕೊಡುವುದಿಲ್ಲ.

ನನಗೆ ದಿನಕ್ಕೆ ಸಿಗುವುದು ರಾತ್ರಿಯ ಒಂದು ಗಂಟೆ, ಅದೂ ಊಟದ ಮೇಜಿನ ಮೇಲೆ. ಕೆಲಸ ಮುಗಿದ ಕೂಡಲೇ ಎಲ್ಲವನ್ನೂ ಎತ್ತಿಡಬೇಕು. ಡೋರಿ ಒಂದು ತಟ್ಟೆಯಲ್ಲಿ ಕೂರುತ್ತದೆ, ಕಪಾಟಿನಲ್ಲಿ ಇಡಬಹುದು. ವಿಕ್ಟರಿಗೆ ಒಂದು ಖಾಯಂ ಜಾಗವೇ ಬೇಕು, ವರ್ಷಗಳ ಕಾಲ. ಸ್ವಂತ ಕೋಣೆ, ಮರಗೆಲಸದ ರೂಢಿ ಇರುವವರ ಮಾತು ಬೇರೆ. ಅವರು ಪ್ರಾಮ್‌ನಿಂದಲೇ ಆರಂಭಿಸಬಹುದು. ವಿಕ್ಟರಿಯನ್ನು ಮಾತ್ರ ಅವರಿಗೂ ಮೊದಲು ಹೇಳಲಾರೆ.

ನನ್ನ ವಿಕ್ಟರಿಯನ್ನು ನಾನು ಎಸೆದಿಲ್ಲ. ಬಿಳಿ ಅಂಟು ಐಸೊಪ್ರೊಪೈಲ್ ಆಲ್ಕೊಹಾಲ್‌ಗೆ ಸಡಿಲವಾಗುತ್ತದೆ. ಸಣ್ಣ ಕುಂಚದಿಂದ ಜೋಡಣೆಗೆ ಹಚ್ಚಿ, ಸ್ವಲ್ಪ ಕಾದು, ಚಾಕುವಿನ ತುದಿಯಿಂದ ಮೆಲ್ಲಗೆ ಎಬ್ಬಿಸಿದರೆ ಪಟ್ಟಿ ಬಿಟ್ಟುಬರುತ್ತದೆ. ಕಳೆದ ವಾರದಿಂದ ಅದೇ ಕೆಲಸದಲ್ಲಿದ್ದೇನೆ. ಎಡ ಮಗ್ಗುಲು ಪೂರ್ತಿ ಖಾಲಿಯಾಗಿದೆ, ಬಲ ಮಗ್ಗುಲಿನಲ್ಲಿ ಇನ್ನೂ ಆರು ಪಟ್ಟಿಗಳಿವೆ.