ಪಿಎಸ್4ಗೆ ಸೈಬರ್‌ಪಂಕ್ 2077 ‘ಡಿಎಲ್‌ಸಿ ಸಮೇತ’ ಅಂತ ಮಾರುತ್ತಿದ್ದಾರೆ, ನಂಬಬೇಡಿ

ಮೊದಲೇ ಹೇಳಿಬಿಡುತ್ತೇನೆ. ಸೈಬರ್‌ಪಂಕ್ 2077 ಗೇಮ್‌ಗೆ ಆಮೇಲೆ ಬೇರೆಯಾಗಿ ಬಂದ ಹೆಚ್ಚುವರಿ ಕತೆ ಫ್ಯಾಂಟಮ್ ಲಿಬರ್ಟಿ (ಇಂಥ ಸೇರ್ಪಡೆಗೇ ಡಿಎಲ್‌ಸಿ ಅನ್ನುವುದು) ಪಿಎಸ್4, ಅಂದರೆ ಪ್ಲೇಸ್ಟೇಷನ್ 4ನಲ್ಲಿ ಇಲ್ಲ. ಎಕ್ಸ್‌ಬಾಕ್ಸ್ ಒನ್‌ನಲ್ಲೂ ಇಲ್ಲ. ಹಳೇ ಕನ್ಸೋಲ್‌ಗಳಿಗೆ ಅದು ಬಂದೇ ಇಲ್ಲ. “ಇದೆ ಸರ್, ನಮ್ಮ ಹತ್ರ ಇದೆ” ಅಂತ ಯಾರೇ ಹೇಳಿದರೂ ಸುಳ್ಳು. ನನಗೆ ಹಾಗೆ ಹೇಳಿಯೇ ದುಡ್ಡು ಕಿತ್ತುಕೊಂಡರು. ಬರೆಯುವಾಗಲೂ ಮೈ ಉರಿಯುತ್ತಿದೆ.

ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಗೇಮ್ ಮಾರುವವರ ವ್ಯವಹಾರ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ದುಡ್ಡು ಹಾಕುವ ಮೊದಲು ಮಾರುವವನನ್ನು ನಾನು ಎರಡೇ ವಿಷಯ ಕೇಳಿದ್ದೆ. ಪಿಎಸ್4ಗೆ ಆಗುತ್ತಾ? ಡಿಎಲ್‌ಸಿ ಇದೆಯಾ? “ಫುಲ್ ಗೇಮ್ ಸರ್. ಡಿಎಲ್‌ಸಿ ಸಮೇತ. ಎಲ್ಲಾ ಅಪ್‌ಡೇಟೂ ಬರುತ್ತೆ” ಅಂದ. ಜೊತೆಗೆ ಒಂದು ವಿಡಿಯೊ ಕಳಿಸಿದ. ಪೊಲೀಸರು ಕಾರಿನಲ್ಲಿ ಅಟ್ಟಿಸಿಕೊಂಡು ಬರುವುದು, ಓಡುವ ಕಾರಿನಿಂದಲೇ ಗುಂಡು ಹಾರಿಸುವುದು, ಫ್ಯಾಂಟಮ್ ಲಿಬರ್ಟಿಯಲ್ಲಷ್ಟೇ ತೆರೆದುಕೊಳ್ಳುವ ಡಾಗ್‌ಟೌನ್ ಬೀದಿಗಳು. ಯಾರಿಗಾದರೂ ಆಸೆ ಹುಟ್ಟುತ್ತದೆ. ದುಡ್ಡು ಹಾಕಿದೆ. ಕೋಡ್ ಬರಲಿಲ್ಲ, ಯಾರದೋ ಅಕೌಂಟಿನ ಐಡಿ ಪಾಸ್‌ವರ್ಡ್ ಬಂತು. “ಲಾಗಿನ್ ಆಗಿ ಪ್ರೈಮರಿ ಮಾಡ್ಕೊಳ್ಳಿ, ಆಮೇಲೆ ನಿಮ್ಮ ಐಡಿಯಲ್ಲೇ ಆಡಿ. ಪಾಸ್‌ವರ್ಡ್ ಮಾತ್ರ ಚೇಂಜ್ ಮಾಡ್ಬೇಡಿ.” ಪ್ರೈಮರಿ ಮಾಡಿದರೆ ಆ ಅಕೌಂಟಿನ ಗೇಮನ್ನು ಅದೇ ಕನ್ಸೋಲ್‌ನಲ್ಲಿ ಬೇರೆ ಐಡಿಯಿಂದಲೂ ಆಡಬಹುದು.

ಗೇಮ್ ಮೇಲೆ ಸುಮ್ನೆ ದೂರು ಹೇಳುವುದಿಲ್ಲ. ಕತೆ ನಡೆಯುವ ನೈಟ್ ಸಿಟಿಯಂಥ ಊರನ್ನು ನಾನು ಬೇರೆ ಯಾವ ಗೇಮ್‌ನಲ್ಲೂ ನೋಡಿಲ್ಲ. ಮಳೆ ಬಂದ ರಾತ್ರಿ ಸುಮ್ಮನೆ ನಡೆದಾಡುತ್ತಾ ಕಾಲ ಕಳೆಯಬಹುದು. ನಮ್ಮ ತಲೆಯೊಳಗೇ ಕೂತು ಜಗಳವಾಡುವ ಜಾನಿ ಸಿಲ್ವರ್‌ಹ್ಯಾಂಡ್ ಆಗಿ ಕಿಯಾನು ರೀವ್ಸ್ ಇದ್ದಾರೆ, ಬೇಗ ಮರೆಯುವ ಪಾತ್ರ ಅಲ್ಲ. ಪ್ಯಾನಮ್, ಜೂಡಿ ಇವರ ಕತೆಗಳು ಮುಖ್ಯ ಕತೆಗಿಂತ ಜಾಸ್ತಿ ಕಾಡುತ್ತವೆ. ಕೊರತೆಯೂ ಇದೆ. ಶುರುವಿನಲ್ಲಿ ನಮ್ಮ ಪಾತ್ರದ ಹಿನ್ನೆಲೆಯನ್ನು ನೋಮ್ಯಾಡ್, ಸ್ಟ್ರೀಟ್ ಕಿಡ್, ಕಾರ್ಪೋ ಈ ಮೂರರಲ್ಲಿ ಆರಿಸಿಕೊಳ್ಳಲು ಹೇಳುತ್ತಾರೆ. ಆ ಮೊದಲ ಭಾಗ ಮುಗಿದ ಮೇಲೆ ಅಲ್ಲೊಂದು ಇಲ್ಲೊಂದು ಮಾತು ಬಿಟ್ಟರೆ ಯಾರನ್ನು ಆರಿಸಿದರೂ ಹೆಚ್ಚು ಕಡಿಮೆ ಒಂದೇ.

ಆದರೆ ಪಿಎಸ್4ನಲ್ಲಿ ಸಿಗುವುದು ಹಳೇ ಗೇಮ್. ಇದನ್ನು ಮಾರುವವರು ಯಾರೂ ಹೇಳುವುದಿಲ್ಲ. 2020ರ ಡಿಸೆಂಬರ್ 10ರಂದು ಇದು ಬಂದಾಗ ಹಳೇ ಕನ್ಸೋಲ್‌ಗಳಲ್ಲಿ ಎಷ್ಟು ಕೆಟ್ಟದಾಗಿತ್ತು ಅಂದರೆ, ಸುಮಾರು ಒಂದು ವಾರದಲ್ಲೇ ಸೋನಿ ತನ್ನ ಸ್ಟೋರ್‌ನಿಂದ ಅದನ್ನು ತೆಗೆದು ದುಡ್ಡು ವಾಪಸ್ ಕೊಟ್ಟಿತ್ತು. 2021ರ ಜೂನ್‌ನಲ್ಲಿ ಮತ್ತೆ ಬಂತು. ಆಮೇಲೆ ಸುಧಾರಿಸಿತು, ನಿಜ. ಆದರೆ ಪಿಎಸ್4ಗೆ ದೊಡ್ಡ ಅಪ್‌ಡೇಟ್ 2022ರ 1.6ಕ್ಕೇ ನಿಂತುಹೋಯಿತು. ಈಗ ಎಲ್ಲರೂ ಹೊಗಳುತ್ತಿರುವುದು 2023ರ ಸೆಪ್ಟೆಂಬರ್‌ನಲ್ಲಿ ಬಂದ 2.0 ಅನ್ನು. ಪಾತ್ರದ ಕೌಶಲ ಬೆಳೆಸುವ ಸ್ಕಿಲ್ ಟ್ರೀ ಪೂರ್ತಿ ಬದಲಾಗಿದ್ದು ಅದರಲ್ಲಿ. ಪೊಲೀಸರು ಸರಿಯಾಗಿ ಬೆನ್ನಟ್ಟಲು ಶುರು ಮಾಡಿದ್ದೂ ಅದರಲ್ಲೇ. ಹಳೆಯದರಲ್ಲಿ ಪೊಲೀಸರು ಎಲ್ಲಿಂದಲೋ ಬೆನ್ನ ಹಿಂದೆ ಹುಟ್ಟಿಕೊಳ್ಳುತ್ತಾರೆ, ಕಾರು ಹತ್ತಿ ಸ್ವಲ್ಪ ದೂರ ಹೋದರೆ ಮರೆತೇಬಿಡುತ್ತಾರೆ. ಹೆಸರು ಒಂದೇ, ಗೇಮ್ ಬೇರೆ. ವಿಡಿಯೊ ಒಂದರದ್ದು ತೋರಿಸಿ ಇನ್ನೊಂದನ್ನು ಕೊಟ್ಟ!

ಡಿಎಲ್‌ಸಿ ಎಲ್ಲಿ ಅಂತ ಕೇಳಿದೆ. “ಸ್ಟೋರಿ ಮುಂದೆ ಹೋಗ್ಲಿ ಸರ್, ತಾನಾಗೇ ಬರುತ್ತೆ” ಅಂದ. ಈ ಉತ್ತರ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ಇದರಲ್ಲಿ ಅರ್ಧ ನಿಜ ಇದೆ. ಪಿಸಿಯಲ್ಲಿ, ಪಿಎಸ್5ನಲ್ಲಿ ನೈಟ್ ಸಿಟಿಯ ಪೆಸಿಫಿಕಾ ಅನ್ನುವ ಕಡೆ ವೂಡೂ ಬಾಯ್ಸ್ ಗ್ಯಾಂಗಿನ ಭಾಗ ಮುಗಿದ ಮೇಲೆ ಸಾಂಗ್‌ಬರ್ಡ್ ಅನ್ನುವವಳ ಫೋನ್ ಬರುತ್ತದೆ, ಅಲ್ಲಿಂದ ಫ್ಯಾಂಟಮ್ ಲಿಬರ್ಟಿ ಶುರು. ನಾನು ಅದಕ್ಕಾಗಿಯೇ ಉಳಿದ ಮಿಷನ್ ಎಲ್ಲ ಬಿಟ್ಟು ಮುಖ್ಯ ಕತೆಯನ್ನು ಓಡಿಸಿಕೊಂಡು ಅಲ್ಲಿಗೆ ಬಂದೆ. ಆ ಭಾಗ ಮುಗಿಯಿತು. ಪೆಸಿಫಿಕಾ ಬೀದಿಯಲ್ಲಿ ನಿಂತು ಕಾದೆ. ಕಾರಿನಲ್ಲಿ ಸುತ್ತಿದೆ. ಬೇರೆ ಯಾರ್ಯಾರದೋ ಕಾಲ್ ಬಂತು. ಸಾಂಗ್‌ಬರ್ಡ್ ಕಾಲ್ ಬರಲಿಲ್ಲ. ಕೊನೆಗೆ ಸ್ಟೋರ್ ತೆರೆದು ನೋಡಿದರೆ ಪಿಎಸ್5 ಅಂತ ಮಾತ್ರ ಇದೆ. ಆಗ ಅರ್ಥವಾಯಿತು. ಅವನಿಗೆ ಎಲ್ಲ ಗೊತ್ತಿತ್ತು. ನಾನು ಅಲ್ಲಿಗೆ ತಲುಪುವವರೆಗೆ ಸುಮ್ಮನಿರುತ್ತೇನೆ ಅನ್ನುವುದೂ ಗೊತ್ತಿತ್ತು. ಡಾಗ್‌ಟೌನ್ ಆಡುತ್ತೇನೆ ಅಂತ ಗೆಳೆಯರಿಗೆಲ್ಲ ಹೇಳಿಕೊಂಡಿದ್ದೆ. ಅವರು ಕೇಳಿದಾಗ ನಾಚಿಕೆಯಿಂದ ಮಾತೇ ಹೊರಡಲಿಲ್ಲ.

ಆಮೇಲಿನ ಉತ್ತರಗಳನ್ನೂ ಕೇಳಿ. “ನೆಟ್ ಚೆಕ್ ಮಾಡಿ ಸರ್.” “ರೀಸ್ಟಾರ್ಟ್ ಮಾಡಿ ಸರ್.” “ಗೇಮ್ ಡಿಲೀಟ್ ಮಾಡಿ ಮತ್ತೆ ಹಾಕಿ.” ಅಷ್ಟು ದೊಡ್ಡ ಗೇಮ್ ಮತ್ತೆ ಡೌನ್‌ಲೋಡ್ ಮಾಡಿಸಿದ! ಸ್ಟೋರ್ ಪೇಜ್‌ನ ಸ್ಕ್ರೀನ್‌ಶಾಟ್ ಕಳಿಸಿದ ಮೇಲೆ ಮಾತೇ ಬದಲಾಯಿತು. “ಡಿಎಲ್‌ಸಿ ಅಂದ್ರೆ ಫ್ರೀ ಡಿಎಲ್‌ಸಿ ಬ್ರೋ. ಜಾಕೆಟ್, ಕಾರು ಎಲ್ಲ ಇದೆಯಲ್ಲ.” ಅದು ಅಪ್‌ಡೇಟ್ ಜೊತೆ ಎಲ್ಲರಿಗೂ ಪುಕ್ಕಟೆ ಬಂದದ್ದು! ದುಡ್ಡು ವಾಪಸ್ ಕೊಡು ಅಂದೆ. “ಇಷ್ಟು ದಿನ ಆಡಿದ್ದೀರಲ್ಲ ಬ್ರೋ, ಆಡಿದ್ ಮೇಲೆ ರಿಫಂಡ್ ಇಲ್ಲ.” ಮುಂದೆ ಆಡಿ ಅಂದವನೇ ಅವನು!

ಅಷ್ಟಕ್ಕೇ ಮುಗಿಯಲಿಲ್ಲ. ಮುಂದಿನ ಸಲ ಕನ್ಸೋಲ್ ಹಾಕಿದರೆ ಗೇಮ್ ಮೇಲೆ ಬೀಗದ ಗುರುತು. ಆ ಅಕೌಂಟಿಗೆ ನನ್ನ ಪಿಎಸ್4 ಈಗ ಪ್ರೈಮರಿ ಅಲ್ಲ. ಒಂದು ಅಕೌಂಟಿಗೆ ಒಂದೇ ಪಿಎಸ್4 ಪ್ರೈಮರಿ ಆಗಿರುತ್ತದೆ. ಅಂದರೆ ಅದೇ ಅಕೌಂಟನ್ನು ಇನ್ನೊಬ್ಬರಿಗೂ ಮಾರಿದ್ದಾನೆ ಅಂತಲೇ ನನ್ನ ಅನುಮಾನ. ಕೇಳಿದರೆ ಉತ್ತರವಿಲ್ಲ, ಬ್ಲಾಕ್. ನಾನು ಆಡಿ ಉಳಿಸಿಕೊಂಡ ಸೇವ್ ಕನ್ಸೋಲ್‌ನಲ್ಲಿ ಹಾಗೇ ಇದೆ, ಆಡುವಂತಿಲ್ಲ.

ಪಿಎಸ್4 ಇದ್ದವರು ಆಡಲೇಬೇಕು ಅಂದರೆ ಡಿಸ್ಕ್ ತೆಗೆದುಕೊಳ್ಳಿ, ಬೇಡವಾದರೆ ಮಾರಬಹುದು. ಸಿಗುವುದು 1.6ರವರೆಗಿನ ಗೇಮ್ ಅಷ್ಟೇ ಅಂತ ತಿಳಿದುಕೊಂಡು ಕೊಳ್ಳಿ. ಐಡಿ ಪಾಸ್‌ವರ್ಡ್ ಕೊಡುತ್ತೇನೆ ಅನ್ನುವವನ ಹತ್ತಿರ ಏನನ್ನೂ ಕೊಳ್ಳಬೇಡಿ. ಅವನ ಜಾಹೀರಾತು ಇವತ್ತಿಗೂ ಇದೆ, ಅದೇ ಡಾಗ್‌ಟೌನ್ ಫೋಟೊ ಹಾಕಿಕೊಂಡು, ‘ಪಿಎಸ್4, ಡಿಎಲ್‌ಸಿ ಸಮೇತ’ ಅಂತ. ಅಂಥವನು ಸಿಕ್ಕರೆ, ಪಿಎಸ್4ನಲ್ಲಿ ಡಾಗ್‌ಟೌನ್ ಓಡುವುದನ್ನು ವಿಡಿಯೊ ಕಾಲ್‌ನಲ್ಲಿ ತೋರಿಸು ಅಂತ ಕೇಳಿ.